ರತ್ನಗಂಬಳಿಯ ವಾಸನೆ

ಅಳದಂಗಡಿಯ ಚಿನ್ನಯ್ಯ ಶೆಟ್ಟರು ಮೂವತ್ತು ವರ್ಷ ಪಟೇಲಿಕೆ ಮಾಡಿದವರು. ಅವರೆದುರು ಊರಿನವರು ಹೆಗಲ ಬೈರಾಸು ತೆಗೆದು ಕಂಕುಳಲ್ಲಿಟ್ಟು ನಿಲ್ಲುತ್ತಿದ್ದರು. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವರ ಶರೀರವೇ ಅವರ ಮಾತು ಕೇಳದಾಯಿತು.

ಬೊಂಬಾಯಿಯಲ್ಲಿ ಹೋಟೆಲು ನಡೆಸುವ ಮಗ ನಿತ್ಯಾನಂದ, ೧೯೬೨ರ ಬೇಸಿಗೆಯಲ್ಲಿ ಊರಿಗೆ ಬರುವಾಗ ಕೆಂಪು ರತ್ನಗಂಬಳಿ ತಂದು ಮನೆಯ ಚಾವಡಿಯಲ್ಲಿ ಹಾಸಿದ. ಅದರ ಮೇಲೆ ಶೆಟ್ಟರ ಆರಾಮ ಕುರ್ಚಿ, ಕಾಲ ಬುಡದಲ್ಲಿ ಅವರೇ ಸಾಕಿದ ನಾಯಿ ಬೊಗ್ಗ. ಒಂದು ಮಧ್ಯಾಹ್ನ ಜೋಂಪಿನಿಂದ ಎಚ್ಚರಾಗುವಾಗ ಶೆಟ್ಟರ ಪಂಚೆ ಒದ್ದೆಯಾಗಿತ್ತು, ಕೆಳಗೆ ಗಂಬಳಿಯೂ. ಪಂಚೆ ಬದಲಿಸಿ ಬಂದು ಕೂತರು.

ಮನೆ ನೋಡಿಕೊಂಡು ಊರಲ್ಲೇ ಇದ್ದ ಸೊಸೆ ಸ್ವರ್ಣಲತಾ ಮೂಗು ಮುಚ್ಚಿಕೊಂಡು ನಿಂತಳು. "ಯಾರು ಮಾಡಿದ್ದು ಇದು?"

"ನಾಯಿ," ಎಂದರು ಶೆಟ್ಟರು.

ಬೊಗ್ಗನಿಗೆ ಬೆತ್ತದಲ್ಲಿ ಏಟು ಬಿತ್ತು. ಸ್ವರ್ಣಲತಾ ಹಳೆ ಬಟ್ಟೆ ಒತ್ತಿ ಒದ್ದೆ ಹೀರಿಸಿದಳು, ಬಿಂಬುಳಿ ಕಾಯಿಯ ಹುಳಿ ರಸ ನೀರಿಗೆ ಬೆರೆಸಿ ಒರೆಸಿದಳು, ಸೋಡಾ ಹುಡಿ ಉದುರಿಸಿ ಬಿಸಿಲಿಗೆ ಹಾಕಿದಳು. ಕಲೆ ಹೋಯಿತು. ವಾಸನೆ ಮಾತ್ರ ಬುಡದ ನೂಲಿನಲ್ಲಿ ಕೂತುಬಿಟ್ಟಿತು.

ಮತ್ತೆರಡು ಸಲ ಹಾಗೆಯೇ ಆಯಿತು. ಒಮ್ಮೆ ನಾಯಿ ಅಂಗಳದಲ್ಲಿತ್ತು. ಶೆಟ್ಟರೇ ಮೆಲ್ಲ ಕರೆದು ಒದ್ದೆಯ ಪಕ್ಕ ಮಲಗಿಸಿದರು. ಅದು ಅವರ ಕೈ ನೆಕ್ಕಿತು.

ಕೊನೆಗೆ ಕೆಲಸದ ಹುಕ್ರಪ್ಪ ಬೊಗ್ಗನನ್ನು ಗೋಣಿಯಲ್ಲಿ ಕಟ್ಟಿಕೊಂಡು ಹೋಗಿ ದೂರದ ನೆರಿಯದ ಕಾಡಿನಲ್ಲಿ ಬಿಟ್ಟು ಬಂದ. ಅಂದಿನಿಂದ ಶೆಟ್ಟರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದರು. ತುಟಿ ಒಡೆಯಿತು. ಆದರೂ ಐದನೇ ದಿನ ಗಂಬಳಿ ಒದ್ದೆಯಾಯಿತು. ನಿತ್ಯಾನಂದ ಮೂಡಬಿದ್ರೆಗೆ ಹೋಗಿದ್ದ. ಸ್ವರ್ಣಲತಾ ಮಾವನ ಮುಖವನ್ನೇ ನೋಡಿದಳು. ಬಿಂಬುಳಿ ಜಜ್ಜಲು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಬೊಗ್ಗ ಕುಂಟುತ್ತ ವಾಪಸು ಬಂದು ಶೆಟ್ಟರ ಕಾಲಿಗೆ ಮೂತಿ ಉಜ್ಜಿತು.

"ಮತ್ತೆ ವಾಸನೆ ಉಂಟಲ್ಲ ಇಲ್ಲಿ?" ಎಂದ ಆಗಷ್ಟೇ ಮೂಡಬಿದ್ರೆಯಿಂದ ಮರಳಿದ ನಿತ್ಯಾನಂದ.

"ನಾಯಿ ನಿನ್ನೆ ಮಧ್ಯಾಹ್ನವೇ ಬಂದಿರಬೇಕು," ಎಂದಳು ಸ್ವರ್ಣಲತಾ. "ಮಾವ ಚಾವಡಿಯಲ್ಲೇ ಇದ್ದರು. ನೀವು ನೋಡಿದಿರಾ, ಮಾವ?"

ಅವಳಿಗೆ ಎಲ್ಲ ಗೊತ್ತಿದೆ ಎಂದು ಶೆಟ್ಟರಿಗೆ ಗೊತ್ತಾಯಿತು. ಮಗ ಕಾಯುತ್ತಿದ್ದ.

"ನೋಡಿದೆ. ನಿನ್ನೆಯೇ ಬಂದಿತ್ತು."

ನಿತ್ಯಾನಂದ ಕೋವಿ ತೆಗೆದ. ಬೊಗ್ಗ ಅವನ ಹಿಂದೆ ಹೋಗಲು ಒಪ್ಪಲಿಲ್ಲ. ಶೆಟ್ಟರೇ ಎದ್ದು ಗುಡ್ಡೆಯ ತನಕ ಅದನ್ನು ಕರೆದುಕೊಂಡು ಹೋಗಬೇಕಾಯಿತು.

ಮಗ ಬೊಂಬಾಯಿಗೆ ಬಸ್ಸು ಹತ್ತಿದ ದಿನವೇ ಸ್ವರ್ಣಲತಾ ಹುಕ್ರಪ್ಪನನ್ನು ಕರೆದಳು. "ಮಾವನ ಮಂಚ ದನದ ಹಟ್ಟಿಯ ಪಕ್ಕದ ಕೋಣೆಗೆ ಹಾಕು. ಹಾಸಿಗೆ ಬೇಡ, ಗೋಣಿ ಸಾಕು."

"ನಾನು ಚಾವಡಿಯಲ್ಲೇ ಇರ್ತೇನೆ," ಎಂದರು ಶೆಟ್ಟರು.

"ನಾಯಿ ಹೋಯ್ತಲ್ಲ ಮಾವ. ಇನ್ನು ಯಾರ ಹೆಸರು ಹೇಳ್ತೀರಿ?"

ದಿನಕ್ಕೆ ಎರಡು ಚೆಂಬು ನೀರು ಬರುತ್ತಿತ್ತು, ಹೆಚ್ಚು ಕೇಳಿದರೆ ಇಲ್ಲ. ಮಗನಿಗೆ ಕಾಗದ ಬರೆಯಲು ಶೆಟ್ಟರು ಎರಡು ಸಲ ಕೂತರು. ಕಾರಣ ಬರೆಯಬೇಕಾದಲ್ಲಿ ಕೈ ನಿಂತಿತು. ಆ ಕೋಣೆಯಲ್ಲಿ ಅವರು ಇನ್ನೂ ನಾಲ್ಕು ವರ್ಷ ಬದುಕಿದರು.