ಕರೆ ಮುಟ್ಟದ ಕೈ

ಹೆಬ್ಬೆರಳು ಜಿಗಿಯಿತು, ಬಿತ್ತು, ಮತ್ತೆ ಜಿಗಿಯಿತು, ಕಾದ ಹಂಚಿನ ಮೇಲೆ ಜೋಳದ ಕಾಳು ಸಿಡಿದ ಹಾಗೆ, ಇವರ ಮೊಣಕೈ ಕೆಳಗೆ ಅಂಟಿಸಿದ ಪಟ್ಟಿಯಿಂದ ವಯರು ಪೆಟ್ಟಿಗೆಗೆ ಹೋಗಿದೆ, ಆಸ್ಪತ್ರೆಯ ಸುಹಾಸಿನಿ ಮೇಡಂ ಗುಂಡಿ ತಿರುಗಿಸುತ್ತಾಳೆ, ಒಂದೊಂದೇ ಬರುತ್ತಿದ್ದ ಕರೆಂಟಿನ ಏಟು ಬಿರುಸಾಗುತ್ತದೆ, ಈಗ ಜಿಗಿತವಿಲ್ಲ, ಬೆರಳೆಲ್ಲ ಕೂಡಿ ಮಡಚಿಕೊಳ್ಳುತ್ತವೆ — ಇದನ್ನು ನಾನು ಓದಿದ್ದೇನೆ, ಲಿಂಗಂಪಲ್ಲಿಯ ರಾತ್ರಿಶಾಲೆಯಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ, ಕಾಶಿನಾಥ ಮಾಸ್ತರರು ಬೋರ್ಡಿನ ಮೇಲೆ ಸ್ನಾಯುವಿನೊಳಗಿನ ನೂಲುಗಳ ಚಿತ್ರ ಬರೆದು, ಒಂದೊಂದು ನೂಲಿಗೂ ಅರ್ಧಮರ್ಧ ಎಳಿಯೋದು ಗೊತ್ತಿಲ್ಲರಿ ಅಮ್ಮಾ, ತಲಿಯಿಂದ ಕರೆ ಬಂದ್ರ ಎಳೀತೈತಿ, ಬರ್ಲಿಲ್ಲಂದ್ರ ಸುಮ್ಮನ ಇರ್ತೈತಿ, ಎಷ್ಟು ಗುಂಪು ಕರೀತೀರಿ, ಎಷ್ಟು ಬಿರುಸಲೆ ಕರೀತೀರಿ, ಅಷ್ಟು ಜೋರು, ಎಂದಿದ್ದರು, ಸ್ಲ್ಯಾಬ್ ಹಾಕುವ ದಿನದ ಹಾಗೆ ಎಂದು ನಾನು ನಕ್ಕಿದ್ದೆ, ಒಂದು ಚೀಲ ಮರಳಿಗೆ ಮೇಸ್ತ್ರಿ ಇಬ್ಬರನ್ನು ಕೂಗುತ್ತಾನೆ, ಸ್ಲ್ಯಾಬಿಗೆ ಗುಂಪುಗುಂಪಾಗಿ ಎಲ್ಲರನ್ನೂ, ಒಂದು ಬುಟ್ಟಿ ದಾಟುವುದರೊಳಗೆ ಇನ್ನೊಂದು, ಹಂಗಾರ ನೀವ ಪಾಠಾ ಮಾಡ್ರಿ ಇನ್ನ, ಅಂದಿದ್ದರು ಮಾಸ್ತರರು. ಇವರು ಗೋಡೆ ಕಟ್ಟುವ ಗೌಂಡಿ, ಸಿಮೆಂಟಿನ ಚೀಲವನ್ನು ಒಬ್ಬರೇ ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು, ಅದೇ ಕೈ ನನ್ನ ಕಣ್ಣಿಗೆ ಬಿದ್ದ ಸುಣ್ಣದ ಚೂರನ್ನು ರೆಪ್ಪೆಗೆ ತಿಳಿಯದಂತೆ ತೆಗೆಯುತ್ತಿತ್ತು, ಯಾವುದಕ್ಕೆ ಎಷ್ಟು ನೂಲು ಕರೆಯಬೇಕೆಂದು ಯಾರು ಹೇಳಿಕೊಟ್ಟಿದ್ದರು ಅದಕ್ಕೆ — ಏಳು ತಿಂಗಳಾಯಿತು, ಬೇಗಂಪೇಟೆಯಲ್ಲಿ ಮೂರನೆಯ ಮಹಡಿ, ನಿಂತ ಹಲಗೆ ಜಾರಿತು, ಬಿದ್ದ ಏಟು ಕುತ್ತಿಗೆಗೆ, ಕೈಯ ನೂಲುಗಳೆಲ್ಲ ಬದುಕಿವೆಯಂತೆ, ತಲೆಯಿಂದ ಹೊರಟ ಕರೆ ಮಾತ್ರ ಕತ್ತು ದಾಟುತ್ತಿಲ್ಲವಂತೆ. ಇವತ್ತು ಕಡೆಯ ಪರೀಕ್ಷೆ, ಪೆಟ್ಟಿಗೆಯ ದೀಪ ತಾನೇ ಹತ್ತಿ ಆರುತ್ತಿರುತ್ತದೆ, ಆರಿದಾಗ ಕರೆಂಟಿಲ್ಲ, ಆ ಹೊತ್ತಿನಲ್ಲಿ ಇವರು ತಾವಾಗಿ ಒಂದು ಬೆರಳು ಮಡಚಿದರೂ ಸಾಕು, ಇಲ್ಲದಿದ್ದರೆ ಈ ಕೈಯ ಆಸೆ ಬಿಡಬೇಕು ಎಂದು ಸುಹಾಸಿನಿ ವರಾಂಡದಲ್ಲಿ ಹಿಂದಿಯಲ್ಲಿ ಹೇಳಿದಳು, ಕರೆಯಿರಿ ಸಂಗಣ್ಣ, ಮನಸ್ಸಿನಿಂದ ಕರೆಯಿರಿ ಎಂದು ಇವರಿಗೆ ಹೇಳುತ್ತಾಳೆ, ಇವರ ಹಣೆಯಲ್ಲಿ ಬೆವರು, ದೀಪ ಆರಿದೆ, ನಾನು ನನ್ನ ತೋರುಬೆರಳನ್ನು ಆ ಅಂಗೈಯಲ್ಲಿ ಇಟ್ಟೆ, ಈ ವಯಸ್ಸಿನ್ಯಾಗ ಎಲ್ಲಾರ ಮುಂದ ಕೈ ಹಿಡೀತಿಯೇನ, ಅಂದರು, ನಕ್ಕೆ, ದೀಪ ನೋಡಲಿಲ್ಲ, ಮುಖವನ್ನೇ ನೋಡುತ್ತಿದ್ದೆ, ಆಗ ಹಿಡಿತ ಬಂತು, ಗೆಣ್ಣು ನೊಂದಿತು, ಆ ನೋವಿಗೆ ಹಿಗ್ಗಿದೆ, ಮೇಡಂ, ಇವರು ಹಿಡಿದರು, ಹಿಡಿದರು ಎಂದೆ, ನಲವತ್ತು ವರ್ಷದಲ್ಲಿ ಒಂದು ದಿನವೂ ನನ್ನನ್ನು ಇಷ್ಟು ಬಿಗಿಯಾಗಿ ಹಿಡಿದವರಲ್ಲ, ಅಷ್ಟಾದರೂ ತಿಳಿಯಬಾರದೇ ನನಗೆ, ಪಾಠ ಓದಿದವಳಿಗೆ — ಸುಹಾಸಿನಿ ಹತ್ತಿದ ದೀಪದ ಕಡೆ ನೋಡಿದಳು, ಪೆನ್ನು ಕಾಗದದ ಮೇಲೆ ನಿಂತಿತ್ತು, ಇವರೇ ಹೇಳಿದರು, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ, ನಾ ಹಿಡದಿಲ್ಲ ಸುಗಲಾ, ಪೆಟಗಿ ಹಿಡದೈತಿ, ನಿನ್ನ ಬೆರಳು ಅಲ್ಲೈತಂತ ನೋಡಿದ ಮ್ಯಾಲ ಗೊತ್ತಾತು ನನಗ. ನನ್ನ ಬೆರಳು ಇನ್ನೂ ಅಲ್ಲೇ ಇದೆ, ತೆಗೆಯಲು ಮನಸ್ಸು ಬರುತ್ತಿಲ್ಲ, ದೀಪ ಆರುತ್ತದೆ, ಇವರ ಬೆರಳುಗಳು ಬಿಚ್ಚಿಕೊಳ್ಳುತ್ತವೆ, ದೀಪ ಹತ್ತುತ್ತದೆ, ಮುಚ್ಚಿಕೊಳ್ಳುತ್ತವೆ, ಅಷ್ಟೇ ಬಿಗಿ, ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ, ಬಿಚ್ಚಿಕೊಳ್ಳುತ್ತವೆ, ಮುಚ್ಚಿಕೊಳ್ಳುತ್ತವೆ, ಅಷ್ಟೇ ಬಿಗಿ, ಅಷ್ಟೇ