ಕ್ಲಚ್ ಇಲ್ಲದ ಅಂಬಾಸಿಡರ್

ಎಡಗಾಲು ಹೋದ ಮೇಲಾದರೂ ನನ್ನ ಗಂಡ ಬಚ್ಚಪ್ಪನ ಕಾರಿನ ಹುಚ್ಚು ಇಳಿದೀತು ಅಂದುಕೊಂಡಿದ್ದೆ. ಸಕ್ಕರೆ ಕಾಯಿಲೆ ಮೊಣಕಾಲಿನವರೆಗೆ ತಿಂದುಹಾಕಿತು, ಹುಚ್ಚನ್ನು ಮಾತ್ರ ಮುಟ್ಟಲಿಲ್ಲ. ಕ್ಲಚ್ ತುಳಿಯಲು ಕಾಲಿಲ್ಲ ಅಂದರೆ ಕ್ಲಚ್ಚೇ ಬೇಡ ಅಂದ ಪುಣ್ಯಾತ್ಮ. ಮಾವನವರ ಕಾಲದ ಅಂಬಾಸಿಡರನ್ನು ತಳಿ ಊರಿನಿಂದ ಎಳೆಸಿಕೊಂಡು ಬಂದು ಆಲಸನತ್ತಂನ ಮೆಕ್ಯಾನಿಕ್ ಗಿರಿಯ ಶೆಡ್ಡಿನಲ್ಲಿ ನಿಲ್ಲಿಸಿದ. ಎಂಜಿನ್ ಅದೇ ಇರಬೇಕಂತೆ, ಗುಜರಿಗೆ ಹೋದ ಇನ್ನೊಂದು ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಅದಕ್ಕೆ ಕೂರಬೇಕಂತೆ.

ನಾನು ಒಂದೇ ಷರತ್ತು ಹಾಕಿದೆ. "ನನ್ ಮುಂದೆ ತಂದು ನಿಲ್ಸಿ ತೋರ್ಸು. ನಿಲ್ಲಿಲ್ವಾ, ಕಾರು ಮಾರ್ಬುಡೋದು."

ಅವತ್ತು ಬೆಳಿಗ್ಗೆಯಿಂದ ಗೇರ್‌ಬಾಕ್ಸ್ ಹಠ ಹಿಡಿದಿತ್ತು. ಎಂಜಿನ್ನಿಗೂ ಅದಕ್ಕೂ ನಡುವೆ ಲೇತಿನಲ್ಲಿ ಕಡೆಸಿದ ದಪ್ಪ ಪ್ಲೇಟ್ ಇಟ್ಟಿದ್ದರೂ ಬೆರಳು ತೂರುವಷ್ಟು ಸಂದು ಉಳಿದಿತ್ತು.

"ಬೋಲ್ಟ್ ಬಿಗಿ ಮಾಡು ಕಣ್ಲಾ, ತಾನೇ ಕೂತ್ಕತದೆ," ಅಂದ ಇವನು, ಸ್ಟೂಲಿನ ಮೇಲೆ ಕೂತು.

"ಬಲವಂತ ಮಾಡಿದ್ರೆ ಒಳಗಿರೋ ಪಂಪ್ ಒಡ್ದೋಯ್ತದೆ. ಸುಮ್ಕಿರಣ್ಣಾ," ಅಂದ ಗಿರಿ, ಕಾರಿನ ಕೆಳಗಿಂದ. ಮತ್ತೆ ಎಲ್ಲ ಬಿಚ್ಚಿದ. ಒಳಗಿನ ದಪ್ಪ ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಾ ಮೆಲ್ಲಗೆ ತಳ್ಳಿದ. ಟಕ್ ಅಂತ ಕೂತಿತು. ಈ ಸಲ ಸಂದು ಮುಚ್ಚಿತು.

ಸಂಜೆಗೆ ಎಂಜಿನ್ ಗುರುಗುಟ್ಟಿತು. ನಾನು ಶೆಡ್ಡಿನ ಗೋಡೆಗೆ ಬೆನ್ನು ಕೊಟ್ಟು ನಿಂತೆ. "ಅಕ್ಕಾ, ಪಕ್ಕಕ್ ಬನ್ನಿ," ಅಂತ ಗಿರಿ ಬೇಡಿಕೊಂಡ. ನನ್ನ ಹಠವೇನು ಕಡಿಮೆಯೇ? ಹೋಗಲಿಲ್ಲ.

ಇವನು ಗೇರಿಗೆ ಹಾಕಿ ಬ್ರೇಕ್ ಬಿಟ್ಟ. ಏರಿನ ಅಂಗಳದಲ್ಲಿ ಕಾರು ತಾನಾಗಿಯೇ ತೆವಳುತ್ತಾ ಬಂತು. ಇವನ ಮುಖವೆಲ್ಲ ನಗು. ನಾನು ಕೈ ಎತ್ತಿದೆ. ಕಾರು ನಿಲ್ಲಲಿಲ್ಲ. ನಗು ಮಾಯವಾಯಿತು. ಗಾಜಿನ ಹಿಂದೆ ಹಲ್ಲು ಕಚ್ಚಿ, ಎಡಭುಜ ಬಗ್ಗಿಸಿ ಏನನ್ನೋ ಒತ್ತುತ್ತಿದ್ದ. ಮೊದಲೆಲ್ಲ ಇಂಥ ಏರಿನಲ್ಲಿ ಕ್ಲಚ್ ತುಳಿದರೆ ಸಾಕು, ಕಾರು ನಿಂತುಬಿಡುತ್ತಿತ್ತು. ಈಗ ಕ್ಲಚ್ಚೂ ಇಲ್ಲ, ಕಾಲೂ ಇಲ್ಲ, ಆದರೂ ತುಳಿಯುತ್ತಲೇ ಇದ್ದಾನೆ! ಹಿಂದೆ ಸರಿಯೋಣವೆಂದರೆ ಗೋಡೆ.

"ಬಲಗಾಲು ಕಣಯ್ಯಾ! ಬಲಗಾಲು!"

ಬಂಪರ್ ನನ್ನ ಮೊಣಕಾಲಿಗೆ ತಾಗಿ ನಿಂತಿತು.

"ಒತ್ತಿದ್ನಲ್ಲೇ ಗಂಗೀ... ಒತ್ತಿದ್ನಲ್ಲೇ," ಅಂದ. ಆಪರೇಷನ್ ದಿನ ಅಳದವನು ಸ್ಟಿಯರಿಂಗಿಗೆ ಹಣೆ ಹಚ್ಚಿ ಅತ್ತ. ಆಮೇಲೆ ಕೀ ಕಿತ್ತು ನನ್ನತ್ತ ಚಾಚಿದ. "ತಗ. ಮಾರ್ಬುಡು."

ಮಾತಿನ ಪ್ರಕಾರ ತೆಗೆದುಕೊಳ್ಳಬೇಕಿತ್ತು. ಸಿಟ್ಟು ಉಕ್ಕುತ್ತಿತ್ತು. ಇವನ ಮೇಲೋ, ಹೋದ ಕಾಲಿನ ಮೇಲೋ ತಿಳಿಯಲಿಲ್ಲ. ಕೀ ಅವನ ಕೈಯಲ್ಲೇ ಬಿಟ್ಟು, ಬಾಗಿಲು ತೆಗೆದು ಪಕ್ಕದಲ್ಲಿ ಕೂತೆ. ಅವನ ಎಡತೊಡೆಯ ಮೇಲೆ ಅಂಗೈ ಊರಿದೆ.

"ಹಿಂದಕ್ ತಗ. ಇನ್ನೊಂದ್ ಸಲ."

ಕಾರು ಮತ್ತೆ ಗೋಡೆಯತ್ತ ತೆವಳಿತು. ಅಂಗೈ ಕೆಳಗೆ ತೊಡೆ ಬಿಗಿಯಿತು. ಬಲವಾಗಿ ಅದುಮಿ ಹಿಡಿದೆ. ಇವನು ಉಸಿರು ಬಿಗಿಹಿಡಿದು ಬಲಗಾಲು ಒತ್ತಿದ. ಕಾರು ನಿಂತ ಮೇಲೂ ನಾನು ಕೈ ತೆಗೆಯಲಿಲ್ಲ.