ನಾಲ್ಕನೆಯ ಗ್ಲಾಸಿಗೆ ನಿಲ್ಲದ ಯಂತ್ರ

ಅಬಕಾರಿ ಇನ್‌ಸ್ಪೆಕ್ಟರಮ್ಮ ಪೇಟೆಯ ಬಾರೊಂದಕ್ಕೆ ಹೋದದ್ದು ಹೊಸ ಯಂತ್ರವನ್ನು ಪರೀಕ್ಷಿಸಿ ಒಪ್ಪಿಗೆ ಕೊಡಲು. ಗಿರಾಕಿ ಕಾರ್ಡು ತೋರಿಸಿ ನಲ್ಲಿ ತಿರುಗಿಸಿದರೆ ಸಾಕು, ಬಿಯರ್ ತಾನಾಗಿ ಗ್ಲಾಸಿಗೆ ಇಳಿಯುತ್ತಿತ್ತು. ಒಂದು ಕಾರ್ಡಿಗೆ ಮೂರು ಗ್ಲಾಸು. ನಾಲ್ಕನೆಯದಕ್ಕೆ ಯಂತ್ರ ನಿಲ್ಲಬೇಕು. ಬಾರಿನ ಮೇಲ್ವಿಚಾರಕಿ ಬಂದು ಆಸಾಮಿಯ ಮುಖ ನೋಡಿ, ಹದದಲ್ಲಿದ್ದಾನೆ ಅನಿಸಿದರೆ ಮಾತ್ರ ಮತ್ತೆ ತೆರೆಯಬೇಕು. ಅದೇ ನಿಯಮ. ಪರೀಕ್ಷಿಸಲು ನಾಲ್ಕು ಸಲ ನಲ್ಲಿ ತಿರುಗಿಸಬೇಕಿತ್ತು. ಆಕೆ ಎರಡು ಸಲ ತಿರುಗಿಸಿದಳು. ಮಗಳ ಶಾಲೆಯ ನಾಟಕಕ್ಕೆ ಹೊತ್ತಾಗಿತ್ತು. ತಪಾಸಣೆಯ ಹಾಳೆಯಲ್ಲಿ ‘ನಾಲ್ಕನೆಯದಕ್ಕೆ ನಿಂತಿತೇ?’ ಎಂಬಲ್ಲಿ ‘ಹೌದು’ ಎಂದು ಗೀಚಿ, ಮೊಹರು ಒತ್ತಿ ಓಡಿದಳು.

ಒಂದೂವರೆ ತಿಂಗಳಿಗೆ ಸುದ್ದಿ ಬಂತು. ವಯಸ್ಸಾದ ಬಡಗಿಯೊಬ್ಬ ಹಾಡಹಗಲೇ ಅಲ್ಲಿ ಒಂಬತ್ತು ಗ್ಲಾಸು ಕುಡಿದು, ಬಾಗಿಲ ಮೆಟ್ಟಿಲಿನಿಂದ ಉರುಳಿ ಸೊಂಟ ಮುರಿದುಕೊಂಡಿದ್ದ. ಮಾಲೀಕ ಮೇಲ್ವಿಚಾರಕಿಯನ್ನು ಕೆಲಸದಿಂದ ತೆಗೆದಿದ್ದ. ವಿಚಾರಣೆ ಇನ್‌ಸ್ಪೆಕ್ಟರಮ್ಮನ ಪಾಲಿಗೇ ಬಂತು.

ಆಕೆ ನೇರ ಬಾರಿಗೆ ಹೋಗಿ ನಲ್ಲಿ ತಿರುಗಿಸಿದಳು. ನಾಲ್ಕು. ಐದು. ಆರು. ಯಂತ್ರ ನಿಲ್ಲುವ ಮಾತೇ ಇಲ್ಲ. ಗ್ಲಾಸುಗಳಲ್ಲಿ ನೊರೆ ಇಳಿಯುವುದನ್ನು ನೋಡುತ್ತ ಆಕೆ ನಲ್ಲಿಯಿಂದ ಕೈ ತೆಗೆದಳು.

ಹೊರಗೆ ಕಾದಿದ್ದ ಮೇಲ್ವಿಚಾರಕಿ ಆಕೆಯ ಕೈ ಹಿಡಿದುಕೊಂಡಳು. “ನಾನು ಆಚೆ ಟೇಬಲ್ ಒರೆಸ್ತಿದ್ದೆ ಮೇಡಂ. ನಾಲ್ಕಕ್ಕೆ ನಿಲ್ಲುತ್ತಲ್ಲ, ಆಗ ಹೋದ್ರಾಯ್ತು ಅಂದ್ಕೊಂಡೆ. ನೀವೇ ನೋಡಿ ಸರಿ ಅಂದಿದ್ರಲ್ಲ?”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಇನ್‌ಸ್ಪೆಕ್ಟರಮ್ಮನಿಗೆ ತಲೆಯೆತ್ತಲಾಗಲಿಲ್ಲ.

“ಸುಮ್ನೆ ಯಾಕಮ್ಮ ಮೈಮೇಲೆ ಎಳ್ಕೋತೀಯ?” ಎಂದರು ಕಚೇರಿಯಲ್ಲಿ ಮೇಲಧಿಕಾರಿ. “ಆ ಹೆಂಗಸಿನ ನಿರ್ಲಕ್ಷ್ಯ ಅಂತ ಬರೆದು ಕೈ ತೊಳ್ಕೋ.”

ಆಕೆ ಹಾಗೆಯೇ ಬರೆದಳು ಕೂಡ. ಆದರೆ ಹಾಳೆ ಕೊಡುವ ಮೊದಲು, ಬಡಗಿಯ ಹೇಳಿಕೆ ಪಡೆಯಲು ಆಸ್ಪತ್ರೆಗೆ ಹೋಗಬೇಕಿತ್ತು.

“ಕುಡಿದೋನು ನಾನು ತಾಯಿ,” ಎಂದ ಬಡಗಿ, ಮಲಗಿದಲ್ಲೇ ನಗಲು ನೋಡಿ. “ಯಂತ್ರ ಏನು ನನ್ನ ಬಾಯಿ ತೆರೆದು ಸುರೀತಾ?”

ಇನ್‌ಸ್ಪೆಕ್ಟರಮ್ಮನಿಗೆ ಒಂದು ಗಳಿಗೆ ಹೋದ ಜೀವ ಬಂದಂತಾಯಿತು.

ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ನಗಲಿಲ್ಲ. “ಇವ್ರಿಗೆ ಕೂತ್ರೆ ಏಳೋಕೆ ಗೊತ್ತಾಗಲ್ಲ. ಅದಕ್ಕೇ ಬೇರೆ ಕಡೆ ಬಿಡಿಸಿ, ಅಲ್ಲಿಗೇ ಹೋಗಿ ಅಂತ ನಾನೇ ಕಳಿಸ್ತಿದ್ದೆ. ಮೂರಾದ್ಮೇಲೆ ನಿಲ್ಲುತ್ತೆ ಅಂತ ಬೋರ್ಡಿತ್ತು. ಸರ್ಕಾರದ ಮೊಹರೂ ಇತ್ತು.”

“ಆ ಮೊಹರು ಒತ್ತಿದ್ದು ನಾನು,” ಎಂದಳು ಇನ್‌ಸ್ಪೆಕ್ಟರಮ್ಮ. “ನೋಡದೆ ಒತ್ತಿದೆ.”

ಹೆಂಡತಿ ಗಂಡನ ಹೊದಿಕೆ ಸರಿಪಡಿಸಿ, ಮುಖ ಆಚೆ ತಿರುಗಿಸಿದಳು.

ಆಕೆ ಆಸ್ಪತ್ರೆಯ ಬೆಂಚಿನ ಮೇಲೆಯೇ ಕುಳಿತು ವರದಿಯನ್ನು ಹರಿದು, ತಪ್ಪು ತನ್ನದೆಂದು ಹೊಸದಾಗಿ ಬರೆದಳು. ಯಂತ್ರಕ್ಕೆ ಬೀಗ ಬಿತ್ತು, ಮೇಲ್ವಿಚಾರಕಿಗೆ ಕೆಲಸ ಮರಳಿ ಸಿಕ್ಕಿತು, ಇನ್‌ಸ್ಪೆಕ್ಟರಮ್ಮನನ್ನು ತಪಾಸಣೆಯಿಂದ ತೆಗೆದು ಹಳೆಯ ಕಡತಗಳ ಕೋಣೆಗೆ ಹಾಕಿದರು.

ಚಳಿ ಕಳೆದ ಮೇಲೆ ಮೇಲ್ವಿಚಾರಕಿ ಫೋನು ಮಾಡಿದಳು. “ಬಡಗಿಯಣ್ಣ ಕೋಲು ಹಿಡ್ಕೊಂಡು ನಡೀತಿದಾನೆ ಮೇಡಂ! ನಿಮಗೆ ಸಮಾಧಾನ ಆಗ್ಲಿ ಅಂತ ಹೇಳ್ದೆ.”

‘ಸಂತೋಷ’ ಎಂಬ ಮಾತು ತನಗೆ ಸಲ್ಲದು ಎನಿಸಿ, ಇನ್‌ಸ್ಪೆಕ್ಟರಮ್ಮ ಫೋನನ್ನು ಕಡತದ ಮೇಲಿಟ್ಟಳು. ಆ ಕಡೆಯಿಂದ “ಮೇಡಂ, ಇದ್ದೀರಾ?” ಎಂಬ ದನಿ ಕೇಳುತ್ತಲೇ ಇತ್ತು.